ಬಾವಿ ಕೊಟ್ಟರೆ ನೀರು ಕೊಟ್ಟಂತಾಯಿತೇ?

ಆಫ್ರಿಕಾದ ಹಳ್ಳಿಯೊಂದಕ್ಕೆ ಕೊಳವೆಬಾವಿ ಕೊರೆಸಿಕೊಡಿ ಎಂಬ ಮನವಿ ಈಗ ಎಲ್ಲ ಕಡೆಯ ದಾನಿಗಳಿಗೂ ಪರಿಚಿತ. ಅಮೆರಿಕದಲ್ಲೋ ಕೊಲ್ಲಿ ದೇಶಗಳಲ್ಲೋ ನೆಲೆಸಿದ ಕನ್ನಡಿಗರಿಗೂ ಅದು ಹೊಸದಲ್ಲ. ಬಾವಿ ತೋಡಿಸುವುದನ್ನು, ಅರವಟ್ಟಿಗೆ ಇಡಿಸುವುದನ್ನು ಪುಣ್ಯದ ಕೆಲಸವೆಂದು ಬಗೆದ ನಾಡಿನಿಂದ ಹೋದವರ ಮನಸ್ಸಿಗೆ ಅದು ಬೇಗ ತಟ್ಟುತ್ತದೆ. ಮನವಿಯ ಹಿಂದಿರುವ ನಂಬಿಕೆ ಸರಳವಾದದ್ದು. ಹೆಂಗಸರೂ ಹುಡುಗಿಯರೂ ಇಪ್ಪತ್ತು ಲೀಟರಿನ ಹಳದಿ ಕ್ಯಾನು ಹೊತ್ತು ಮೈಲಿಗಟ್ಟಲೆ ನಡೆಯುತ್ತಾರೆ. ತರುವುದು ದನಕರು ಇಳಿದ ಹೊಂಡದ ನೀರು. ಅದನ್ನು ಕುಡಿದ ಮಕ್ಕಳು ಭೇದಿಯಿಂದ ಸಾಯುತ್ತಾರೆ. ಊರ ನಡುವೆ ಒಂದು ಬೋರು ಕೊರೆದು ಕೈಪಂಪು ಕೂರಿಸಿದರೆ ನಡಿಗೆಯೂ ತಪ್ಪುತ್ತದೆ, ಕಾಯಿಲೆಯೂ ತಪ್ಪುತ್ತದೆ, ಹುಡುಗಿಯರು ಶಾಲೆಗೆ ಹೋಗುತ್ತಾರೆ. ಒಂದು ಸಲ ಕೊಟ್ಟರೆ ತಲೆಮಾರುಗಳಿಗೆ ಸಾಕು. ಈ ನಂಬಿಕೆಯೊಳಗೆ ಮೂರು ಬೇರೆ ಬೇರೆ ಮಾತುಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ಇಟ್ಟುಕೊಳ್ಳದಿದ್ದರೆ ವಿಚಾರ ಮುಂದೆ ಸಾಗದು.

1. ಹಳ್ಳಿಗೆ ನೀರಿಲ್ಲ ಎಂದರೆ ಹಳ್ಳಿಯಲ್ಲಿ ಬಾವಿ ಇಲ್ಲ ಎಂದರ್ಥ. ಬಾವಿ ಬಂದರೆ ನೀರು ಬಂದಂತೆ.

2. ನೆಲದಾಳದ ನೀರು ಶುದ್ಧ. ಆದ್ದರಿಂದ ಅದನ್ನು ಕುಡಿಯುವವರ ಆರೋಗ್ಯ ಸುಧಾರಿಸುತ್ತದೆ.

3. ಬಾವಿಯನ್ನು ಊರಿನ ಸಮಿತಿಗೆ ಒಪ್ಪಿಸಿ, ತರಬೇತಿ ಕೊಟ್ಟು, 'ಇದು ನಮ್ಮದು' ಎಂಬ ಭಾವನೆ ಮೂಡಿಸಿದರೆ ಊರವರೇ ಅದನ್ನು ಕಾಪಾಡಿಕೊಳ್ಳುತ್ತಾರೆ.

ಮೊದಲಿನದು ಅರ್ಧ ನಿಜ, ಎರಡನೆಯದು ಅರ್ಧಕ್ಕಿಂತ ಕಡಿಮೆ ನಿಜ. ಮೂರನೆಯದು ಕೇಳಲು ಅತ್ಯಂತ ಉದಾತ್ತವಾಗಿದೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಹೆಚ್ಚು ಹಾನಿ ಮಾಡಿರುವುದೂ ಅದೇ.

ನಂಬಿಕೆಗೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. ಲೋಕದ ಹೆಂಗಸರೂ ಹುಡುಗಿಯರೂ ನೀರು ತರುವುದರಲ್ಲಿ ದಿನಕ್ಕೆ 20 ಕೋಟಿ ಗಂಟೆ ಕಳೆಯುತ್ತಾರೆ ಎಂದು ಯುನಿಸೆಫ್ 2016ರಲ್ಲಿ ಅಂದಾಜು ಮಾಡಿತ್ತು. ಸಹಾರಾದ ದಕ್ಷಿಣಕ್ಕಿರುವ ದೇಶಗಳ ಹೆಣ್ಣುಮಕ್ಕಳ ಪಾಲು ಅದರಲ್ಲಿ ದೊಡ್ಡದು. ಪೂರ್ವ ಆಫ್ರಿಕಾದ ಮನೆಗಳಲ್ಲಿ ನೀರಿನ ಬಳಕೆಯನ್ನು ಅಧ್ಯಯನ ಮಾಡಿ 1972ರಲ್ಲಿ ಪ್ರಕಟವಾದ 'ಡ್ರಾಯರ್ಸ್ ಆಫ್ ವಾಟರ್' ಎಂಬ ಗ್ರಂಥ ಒಂದು ಮುಖ್ಯ ವಿಷಯವನ್ನು ಎತ್ತಿ ತೋರಿತು: ಕೆಟ್ಟ ನೀರು ಕುಡಿದು ಬರುವ ಕಾಯಿಲೆಗಳು ಒಂದು ಬಗೆ, ಕೈ, ಮುಖ, ಮೈ ತೊಳೆಯಲು ನೀರು ಸಾಲದೆ ಬರುವ ಕಣ್ಣಿನ ಟ್ರಕೋಮಾ, ಚರ್ಮದ ಕಜ್ಜಿ ಮುಂತಾದವು ಇನ್ನೊಂದು ಬಗೆ. ಹತ್ತಿರದಲ್ಲಿ ಬಾವಿ ಇದ್ದರೆ ಎರಡನೆಯ ಬಗೆಯ ಕಾಯಿಲೆಗೂ ತಡೆ ಬೀಳುತ್ತದೆ. ನಾರುಹುಣ್ಣಿನ ಕಥೆ ಎಲ್ಲರೂ ತಿಳಿಯಬೇಕಾದದ್ದು. 1986ರಲ್ಲಿ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಆ ರೋಗ 2023ರಲ್ಲಿ ಇಡೀ ಲೋಕದಲ್ಲಿ 14 ಜನರಲ್ಲಿ ಮಾತ್ರ ಕಂಡುಬಂತು. ಅದಕ್ಕೆ ಲಸಿಕೆಯೂ ಇಲ್ಲ, ಔಷಧಿಯೂ ಇಲ್ಲ. ನೀರು ಸೋಸುವ ಬಟ್ಟೆ, ಹಳ್ಳಿಯ ಸ್ವಯಂಸೇವಕರ ನಿಗಾ, ಜೊತೆಗೆ ಸುರಕ್ಷಿತ ಬಾವಿಗಳು ಸೇರಿ ಆ ಕೆಲಸ ಮಾಡಿದವು. ಇನ್ನು ನೆಲದಡಿಯಲ್ಲಿ ನೀರೇ ಇಲ್ಲವೇನೋ ಎಂಬ ಶಂಕೆಗೂ ಆಧಾರ ಕಡಿಮೆ. ಖಂಡದ ಅಂತರ್ಜಲದ ಸಂಗ್ರಹ ಸುಮಾರು 6.6 ಲಕ್ಷ ಘನ ಕಿಲೋಮೀಟರ್ ಎಂದು ಬ್ರಿಟನ್ನಿನ ಭೂವಿಜ್ಞಾನಿಗಳು 2012ರಲ್ಲಿ ಲೆಕ್ಕ ಹಾಕಿದರು. ದೊಡ್ಡ ನೀರಾವರಿಗೆ ಸಾಲುವಷ್ಟು ಎಲ್ಲೆಡೆ ಸಿಗದಿದ್ದರೂ ಕೈಪಂಪಿಗೆ ಸಾಲುವಷ್ಟು ನೀರು ಬಹುಪಾಲು ಪ್ರದೇಶದಲ್ಲಿ ಸಿಗುತ್ತದೆ. ಅಂದರೆ ಬಾವಿ ಕೊರೆಯುವುದು ಬುದ್ಧಿಯಿಲ್ಲದ ಕೆಲಸವಲ್ಲ. ಪ್ರಶ್ನೆ ಹುಟ್ಟುವುದು ಕೊರೆದು ಮುಗಿಸಿದ ಮೇಲೆ.

ಕೊರೆದ ಬಾವಿಗಳು ಏನಾದವು? 2000ದ ದಶಕದ ಕೊನೆಗೆ ರೂರಲ್ ವಾಟರ್ ಸಪ್ಲೈ ನೆಟ್‌ವರ್ಕ್ ಎಂಬ ತಜ್ಞರ ಬಳಗ ಸುಮಾರು ಇಪ್ಪತ್ತು ಆಫ್ರಿಕನ್ ದೇಶಗಳ ಮಾಹಿತಿಯನ್ನು ಕೂಡಿಸಿದಾಗ ಶೇ. 36ರಷ್ಟು ಕೈಪಂಪುಗಳು ಕೆಟ್ಟು ನಿಂತಿದ್ದವು. ಹತ್ತು ವರ್ಷಗಳ ನಂತರದ ಇನ್ನೊಂದು ಅಂದಾಜು ನಾಲ್ಕಕ್ಕೆ ಒಂದು ಎಂದಿತು. 2016ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆ ಹಳ್ಳಿಯ ನೀರಿನ ತಾಣಗಳ ವಯಸ್ಸನ್ನು ಹಿಡಿದು ನೋಡಿತು: ಸುಮಾರು ಶೇ. 15ರಷ್ಟು ಮೊದಲ ವರ್ಷದಲ್ಲೇ ನಿಂತುಹೋಗಿದ್ದವು, ನಾಲ್ಕನೆಯ ವರ್ಷದ ಹೊತ್ತಿಗೆ ಶೇ. 25ರಷ್ಟು. ಮೊದಲ ವರ್ಷದ ಆ ಅಂಕಿಯನ್ನು ಓದುಗರು ಸ್ವಲ್ಪ ನಿಂತು ಗಮನಿಸಬೇಕು. ಉದ್ಘಾಟನೆಯ ಫೋಟೋ ದಾನಿಯ ಮನೆಯ ಗೋಡೆಗೆ ಬರುವ ಹೊತ್ತಿಗೆ ಅಲ್ಲಿನ ಪಂಪು ನಿಂತಿರಬಹುದು. ಅದು ಹಳೆಯದಾಗಿ ಸವೆದು ನಿಂತದ್ದಲ್ಲ. ಜನರ ಅಸಡ್ಡೆ ಕಾರಣವೆನ್ನಲು ಅಷ್ಟು ಕಾಲವೇ ಕಳೆದಿರುವುದಿಲ್ಲ. ಹುಟ್ಟುವಾಗಲೇ ಅದರಲ್ಲಿ ದೋಷವಿತ್ತು.

ಆ ದೋಷಗಳು ಯಾವುವೆಂಬುದು ಬೋರು ಕೊರೆಸಿದ ನಮ್ಮ ರೈತರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಮಳೆಗಾಲದ ಬೆನ್ನಿಗೆ ನೀರಿನ ಮಟ್ಟ ಮೇಲಿದ್ದಾಗ ಕೊರೆದು, ನೀರು ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಿದ ಬಾವಿ ಬೇಸಗೆಯಲ್ಲಿ ಬತ್ತುತ್ತದೆ. ನೀರು ಬಿದ್ದರಷ್ಟೇ ಹಣ ಎಂಬ ಕರಾರಿನಲ್ಲಿ ಗುತ್ತಿಗೆದಾರನಿಗೆ ಬೇಕಾದದ್ದು ಆ ದಿನದ ನೀರು. ಹತ್ತು ವರ್ಷದ ನೀರು ಬೇಕಾದದ್ದು ಊರಿಗೆ. ಕೇಸಿಂಗ್ ಪೈಪಿಗೂ ನೆಲಕ್ಕೂ ನಡುವಿನ ಸಂದನ್ನು ಸರಿಯಾಗಿ ಮುಚ್ಚದಿದ್ದರೆ ಮೇಲಿನ ಕೊಳೆ ನೀರು ಒಳಗಿಳಿಯುತ್ತದೆ. ಇವೆಲ್ಲಕ್ಕಿಂತ ಕಡಿಮೆ ಮಾತಿಗೆ ಬಂದಿರುವ ಕಾರಣ ತುಕ್ಕು. ಪಶ್ಚಿಮ ಆಫ್ರಿಕಾದಲ್ಲೂ ಉಗಾಂಡಾದಂಥ ದೇಶಗಳಲ್ಲೂ ಹಲವೆಡೆ ಅಂತರ್ಜಲ ಸ್ವಲ್ಪ ಆಮ್ಲೀಯ. ಅಂಥ ನೀರಿನಲ್ಲಿ ಇಳಿಬಿಟ್ಟ ಜಿಐ ಪೈಪಿನ ಮೇಲಣ ಸತುವಿನ ಲೇಪ ಬೇಗ ಕರಗಿ, ಕಬ್ಬಿಣ ತುಕ್ಕು ಹಿಡಿದು, ಪೈಪು ತೂತಾಗಿ ಕಳಚಿ ಬೀಳುತ್ತದೆ. ಅದಕ್ಕೂ ಮೊದಲೇ ನೀರು ಕೆಂಪಾಗುತ್ತದೆ. ಬಟ್ಟೆಗೆ ಕಲೆ ಹತ್ತುತ್ತದೆ, ಮೆಕ್ಕೆಜೋಳದ ಮುದ್ದೆಯ ಬಣ್ಣ ಕೆಡುತ್ತದೆ. ಹೆಂಗಸರು ಪಂಪನ್ನು ಬಿಟ್ಟು ಹಳೆಯ ಹೊಂಡಕ್ಕೆ ಮರಳುತ್ತಾರೆ. ಪಂಪು ಕೆಟ್ಟಿಲ್ಲ, ಸಮೀಕ್ಷೆಯ ಪುಸ್ತಕದಲ್ಲಿ 'ಚಾಲ್ತಿಯಲ್ಲಿದೆ' ಎಂದೇ ದಾಖಲಾಗುತ್ತದೆ, ನೀರು ಮಾತ್ರ ಯಾರೂ ತೆಗೆದುಕೊಂಡು ಹೋಗುತ್ತಿಲ್ಲ. ಉಗಾಂಡಾ ಸರ್ಕಾರ 2016ರಲ್ಲಿ ಕೈಪಂಪುಗಳಿಗೆ ಜಿಐ ಪೈಪು ಬಳಸುವುದನ್ನೇ ನಿಷೇಧಿಸಿತು. ಈ ತೊಂದರೆ 1980ರ ದಶಕದಿಂದಲೂ ಎಂಜಿನಿಯರುಗಳಿಗೆ ಗೊತ್ತಿದ್ದದ್ದು. ಗೊತ್ತಿದ್ದೂ ಅಗ್ಗದ ಪೈಪು ಇಳಿಸಿದವರು ಹಳ್ಳಿಯವರಲ್ಲ. ಆದರೂ ಪಂಪು ನಿಂತಾಗ ವರದಿಗಳಲ್ಲಿ ಕಾಣುವ ಕಾರಣ 'ಸಮುದಾಯದ ಸಹಭಾಗಿತ್ವದ ಕೊರತೆ'. ಹಳ್ಳಿಯ ಹೆಂಗಸರ ಮೇಲೆ ಹೊರಿಸಿದ ಈ ಅಪವಾದ ನನಗೆ ಅಸಹನೀಯ ಅನ್ನಿಸುತ್ತದೆ.

ಎರಡನೆಯ ಮಾತಿಗೆ ಬರೋಣ: ಬಾವಿಯ ನೀರು ಶುದ್ಧ. ಹಲವು ಕಡೆ ಬಾವಿಯ ಬಾಯಲ್ಲಿ ಅದು ನಿಜ, ಎಲ್ಲ ಕಡೆಯೂ ಅಲ್ಲ. ಇಥಿಯೋಪಿಯಾದಿಂದ ಕೀನ್ಯಾ, ತಾಂಜಾನಿಯಾಗಳವರೆಗೆ ಹಬ್ಬಿದ ಬಿರುಕು ಕಣಿವೆಯ ಜ್ವಾಲಾಮುಖಿ ಶಿಲೆಗಳಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 1.5 ಮಿಲಿಗ್ರಾಮನ್ನು ಮಿತಿಯೆಂದು ಇಟ್ಟಿದ್ದರೆ, ಅಲ್ಲಿ ಎಷ್ಟೋ ಬಾವಿಗಳು ಅದನ್ನು ಬಹುದೂರ ಮೀರುತ್ತವೆ. ಪಾವಗಡ, ಬಾಗೇಪಲ್ಲಿಗಳ ಓದುಗರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ತಿಳಿಯಾದ ನೀರು, ರುಚಿಯಲ್ಲಿ ದೋಷವಿಲ್ಲ, ಮಕ್ಕಳ ಹಲ್ಲು ಕಂದು, ದೊಡ್ಡವರ ಮೂಳೆ ಸೆಟೆದುಕೊಳ್ಳುತ್ತದೆ. ಪ್ರಯೋಗಾಲಯದ ಪರೀಕ್ಷೆ ಮಾಡಿಸದೆ ಒಪ್ಪಿಸಿದ ಬಾವಿ ಅಂಥಲ್ಲಿ ದಾನವೂ ಆಗಬಹುದು, ನಿಧಾನವಿಷವೂ ಆಗಬಹುದು.

ಬಾವಿಯ ಬಾಯಲ್ಲಿ ಶುದ್ಧವಾಗಿದ್ದ ನೀರು ಮಗುವಿನ ಬಾಯಿಗೆ ಹೋಗುವಾಗ ಶುದ್ಧವಾಗಿರುತ್ತದೆಯೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಪಶ್ಚಿಮ ಕೀನ್ಯಾದಲ್ಲಿ ತೆರೆದ ಒರತೆಗಳಿಗೆ ಕಾಂಕ್ರೀಟಿನ ಹೊದಿಕೆ ಹಾಕಿ, ಪೈಪಿನಿಂದ ನೀರು ಬರುವಂತೆ ಮಾಡಿ, ಫಲವನ್ನು ಅಳೆದ ಅಧ್ಯಯನವೊಂದಿದೆ. ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು 2011ರಲ್ಲಿ ಅದನ್ನು ಪ್ರಕಟಿಸಿದರು. ಒರತೆಯಲ್ಲಿ ಮಲದ ಬ್ಯಾಕ್ಟೀರಿಯಾ ಶೇ. 66ರಷ್ಟು ಇಳಿಯಿತು, ಅದೇ ಒರತೆಯಿಂದ ತಂದು ಮನೆಯಲ್ಲಿಟ್ಟ ನೀರಿನಲ್ಲಿ ಇಳಿದದ್ದು ಶೇ. 24ರಷ್ಟು ಮಾತ್ರ. ಮಕ್ಕಳ ಭೇದಿ ಸುಮಾರು ಕಾಲು ಭಾಗ ಕಡಿಮೆಯಾಯಿತು. ಕಾಲು ಭಾಗ ಸಣ್ಣ ಲಾಭವಲ್ಲ, ಒಪ್ಪಬೇಕು. ಆದರೆ ನಡುವೆ ಕಳೆದುಹೋದದ್ದು ಎಲ್ಲಿ? ಕ್ಯಾನಿನ ಒಳಗೋಡೆಯಲ್ಲಿ, ಅದ್ದುವ ಲೋಟದಲ್ಲಿ, ಕೈಯಲ್ಲಿ, ಎರಡು ದಿನ ಮುಚ್ಚದೆ ಇಟ್ಟ ಮಡಕೆಯಲ್ಲಿ. ಪಂಪಿನ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲವಾದ್ದರಿಂದ ದಾರಿಯಲ್ಲಿ ಸೇರಿದ ಕೊಳೆಯನ್ನು ಎದುರಿಸುವ ಶಕ್ತಿಯೂ ಅದಕ್ಕಿರುವುದಿಲ್ಲ. ನೀರು ಶುದ್ಧೀಕರಣದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಕ್ರೆಮರ್ ತಂಡದ ನಂತರದ ಕೆಲಸ, ಇಂಥ ಶುದ್ಧೀಕರಣದಿಂದ ಐದು ವರ್ಷದೊಳಗಿನ ಮಕ್ಕಳ ಸಾವು ಸುಮಾರು ನಾಲ್ಕನೇ ಒಂದರಷ್ಟು ತಗ್ಗಬಹುದೆಂದು ಹೇಳುತ್ತದೆ. ಬಾವಿಯ ಪಕ್ಕದಲ್ಲಿ ಕ್ಲೋರಿನ್ ದ್ರವದ ಒಂದು ಡಬ್ಬಿ ನಿಲ್ಲಿಸಿ, ಕ್ಯಾನಿಗೆ ಕೆಲವು ಹನಿ ಬಿಡುವ ತಿರುಪು ಇಟ್ಟರೆ ಆಗುವ ಖರ್ಚು ಬಾವಿಯ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಡಬ್ಬಿ ಖಾಲಿಯಾಗುತ್ತದೆ. ತಿಂಗಳು ತಿಂಗಳು ಯಾರಾದರೂ ಬಂದು ತುಂಬಬೇಕು. ನಾನು ಹೇಳಬೇಕಾದ ಮಾತೆಲ್ಲ ಈ 'ಯಾರಾದರೂ ಬಂದು' ಎಂಬುದರ ಸುತ್ತಲೇ ಇದೆ.

ಮೂರನೆಯ ಮಾತಿನ ಇತಿಹಾಸದಲ್ಲಿ ನಮ್ಮದೂ ಒಂದು ಅಧ್ಯಾಯವಿದೆ. ಆಫ್ರಿಕಾದ ಹಳ್ಳಿಗಳಲ್ಲಿ ಇಂದು ನಿಂತಿರುವ ಅಸಂಖ್ಯ ಕೈಪಂಪುಗಳು ಇಂಡಿಯಾ ಮಾರ್ಕ್-2 ಮಾದರಿಯವು. ನಮ್ಮ ಹಳ್ಳಿಗಳಲ್ಲಿ ಜನ ಬೋರಿಂಗು ಎಂದು ಕರೆಯುವ ಅದೇ ಪಂಪು. 1960ರ ದಶಕದ ಕೊನೆಯ ಬರಗಾಲದಲ್ಲಿ ಯುನಿಸೆಫ್ ಗಟ್ಟಿಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತಂದಿತು. ಕೊರೆದ ಬಾವಿಗಳ ಮೇಲೆ ಕೂರಿಸಿದ್ದು ಪಾಶ್ಚಾತ್ಯ ದೇಶಗಳಲ್ಲಿ ಒಂದು ಕುಟುಂಬದ ಬಳಕೆಗೆಂದು ಮಾಡಿದ್ದ ಎರಕದ ಕಬ್ಬಿಣದ ಪಂಪುಗಳ ನಕಲನ್ನು. ನೂರಾರು ಜನ ದಿನವಿಡೀ ಹೊಡೆದಾಗ ಅವು ತಾಳಲಿಲ್ಲ. 1970ರ ದಶಕದ ನಡುವಿನ ಹೊತ್ತಿಗೆ ಬಹುಪಾಲು ಕೆಟ್ಟು ನಿಂತಿದ್ದವು. ಆಗ ನಮ್ಮ ವಿಜಯಪುರದ ನೆರೆಯ ಸೊಲ್ಲಾಪುರದಲ್ಲಿ, ತಾನೇ ಕಲಿತ ಒಬ್ಬ ಮೆಕ್ಯಾನಿಕ್ ರೂಪಿಸಿದ್ದ ಗಟ್ಟಿ ಉಕ್ಕಿನ ಪಂಪೊಂದು ಬಾಳುತ್ತಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು ಯುನಿಸೆಫ್, ಸರ್ಕಾರಿ ಸಂಶೋಧನಾ ಸಂಸ್ಥೆ ಮತ್ತು ಕಾರ್ಖಾನೆಗಳು ಸೇರಿ ಮಾರ್ಕ್-2 ಅನ್ನು ಸಿದ್ಧಪಡಿಸಿದವು. 1990ರ ದಶಕದ ನಡುವಿನ ಹೊತ್ತಿಗೆ ಅಂಥವು ಸುಮಾರು 50 ಲಕ್ಷ ತಯಾರಾಗಿದ್ದವೆಂದು ಹೇಳುತ್ತಾರೆ. ಆದರೆ ಪಂಪಿನ ಗಟ್ಟಿತನ ಅರ್ಧ ಕಥೆ. ತಮಿಳುನಾಡಿನಲ್ಲಿ ಅದರ ಜೊತೆಗೇ ಮೂರು ಹಂತದ ನಿರ್ವಹಣೆ ಬಂತು: ಹಳ್ಳಿಯಲ್ಲಿ ಪಂಪು ನೋಡಿಕೊಳ್ಳುವ ಒಬ್ಬರು, ಬ್ಲಾಕಿಗೆ ಒಬ್ಬ ಮೆಕ್ಯಾನಿಕ್, ಜಿಲ್ಲೆಯಲ್ಲಿ ವಾಹನ ಮತ್ತು ಸಲಕರಣೆಗಳಿರುವ ಒಂದು ತಂಡ. 40 ಮೀಟರ್ ಆಳದಿಂದ ಜಿಐ ಪೈಪುಗಳನ್ನು ಒಂದೊಂದಾಗಿ ಮೇಲೆತ್ತಿ ಸಿಲಿಂಡರಿನ ವಾಷರ್ ಬದಲಿಸುವ ಕೆಲಸ ಸಮಿತಿಯ ಸಭೆಯಿಂದ ಆಗುವಂಥದ್ದಲ್ಲವೆಂದು ಆ ವ್ಯವಸ್ಥೆಗೆ ಗೊತ್ತಿತ್ತು. ಬಿಡಿಭಾಗ ಮಾಡುವ ಕಾರ್ಖಾನೆಗಳು ದೇಶದೊಳಗೇ ಇದ್ದವು, ಐಎಸ್‌ಐ ಮಾನಕವಿತ್ತು, ಬೊಕ್ಕಸದ ಹಣವಿತ್ತು. ಎಲ್ಲ ಕಡೆಯೂ ಚೆನ್ನಾಗಿ ನಡೆಯಿತೆಂದಲ್ಲ. ಆದರೆ ಪಂಪು ಕೆಟ್ಟಾಗ ಯಾರನ್ನು ಕೇಳಬೇಕೆಂಬುದಕ್ಕೆ ಉತ್ತರವಿತ್ತು.

ಆಫ್ರಿಕಾಕ್ಕೆ ಹೋದದ್ದು ಪಂಪು. ಮೂರು ಹಂತದ ವ್ಯವಸ್ಥೆ ಹೋಗಲಿಲ್ಲ. ಅದಕ್ಕೆ ಕಾರಣವಿತ್ತು, ಅದನ್ನೂ ನ್ಯಾಯವಾಗಿ ಹೇಳಬೇಕು. ವಿಶ್ವಸಂಸ್ಥೆ 1981ರಿಂದ 1990ರವರೆಗಿನ ಅವಧಿಯನ್ನು ಕುಡಿಯುವ ನೀರಿನ ದಶಕವೆಂದು ಸಾರಿದಾಗ, ಅನೇಕ ಆಫ್ರಿಕನ್ ದೇಶಗಳ ರಾಜಧಾನಿಯಿಂದ ನಡೆಯುತ್ತಿದ್ದ ನಿರ್ವಹಣಾ ಘಟಕಗಳು ಡೀಸೆಲ್ಲಿಲ್ಲದ ಲಾರಿ, ಸಂಬಳವಿಲ್ಲದ ಮೆಕ್ಯಾನಿಕ್ ಎಂಬ ಸ್ಥಿತಿಯಲ್ಲಿದ್ದವು. ವಿಶ್ವಬ್ಯಾಂಕ್ ಮತ್ತು ಯುಎನ್‌ಡಿಪಿ ಹತ್ತಾರು ಮಾದರಿಯ ಪಂಪುಗಳನ್ನು ಪರೀಕ್ಷಿಸಿ, ಹಳ್ಳಿಯವರೇ ಬಿಚ್ಚಿ ಜೋಡಿಸಬಲ್ಲ ಪಂಪು ಬೇಕೆಂಬ ತತ್ವವನ್ನು ಮುಂದಿಟ್ಟವು. ಮಲಾವಿ ಮತ್ತು ಕೀನ್ಯಾಗಳಲ್ಲಿ ರೂಪುಗೊಂಡ ಆಫ್ರಿಡೆವ್ ಪಂಪು ಅದರ ಒಳ್ಳೆಯ ಫಲ. ಅದರ ಪೈಪು ಪ್ಲಾಸ್ಟಿಕ್ಕಿನದು, ವಾಷರ್ ಬದಲಿಸಲು ಪೈಪನ್ನೇ ಎತ್ತಬೇಕಾಗಿಲ್ಲ. ಇಲ್ಲಿಯವರೆಗೆ ತಪ್ಪಿಲ್ಲ. ತಪ್ಪಾದದ್ದು ಮುಂದಿನ ಹೆಜ್ಜೆಯಲ್ಲಿ: ಹಳ್ಳಿಯವರು ವಾಷರ್ ಬದಲಿಸಬಲ್ಲರು ಎಂಬುದರಿಂದ, ಹಳ್ಳಿಯವರು ಇಡೀ ವ್ಯವಸ್ಥೆಯನ್ನು ಶಾಶ್ವತವಾಗಿ ತಾವೇ ನಡೆಸಬೇಕು ಎಂಬ ತೀರ್ಮಾನಕ್ಕೆ ಹಾರಿದ್ದು. 'ಬಲ್ಲರು' ಎಂಬುದು ಯಂತ್ರದ ಕುರಿತ ಮಾತು. 'ನಡೆಸಬೇಕು' ಎಂಬುದು ಹಣದ, ಕಾನೂನಿನ, ಹೊಣೆಯ ಮಾತು. ಒಂದರಿಂದ ಇನ್ನೊಂದು ಹುಟ್ಟುವುದಿಲ್ಲ. ಸಾಲದ ಷರತ್ತುಗಳ ಒತ್ತಡದಲ್ಲಿ ಸರ್ಕಾರಗಳು ಖರ್ಚು ಕಡಿತ ಮಾಡುತ್ತಿದ್ದ ಅದೇ ಕಾಲದಲ್ಲಿ ಈ ತತ್ವ ಬಂದದ್ದರಿಂದ, ಸಬಲೀಕರಣವೆಂದು ಹೇಳಿದ್ದು ಬಡವರ ಹೆಗಲಿಗೆ ಬಿಲ್ಲು ದಾಟಿಸುವ ಕೆಲಸವೂ ಆಯಿತು.

ಆ ಬಿಲ್ಲು ಎಷ್ಟು? ಐಆರ್‌ಸಿ ಎಂಬ ಡಚ್ ಸಂಸ್ಥೆಯ ವಾಶ್‌ಕಾಸ್ಟ್ ಅಧ್ಯಯನ 2011ರ ಬೆಲೆಗಳಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಕೈಪಂಪಿನ ಕೊಳವೆಬಾವಿ ಮಾಡಲು ತಲೆಗೆ ಸುಮಾರು 20ರಿಂದ 60 ಡಾಲರ್, ಅದನ್ನು ಸರಿಯಾಗಿ ನಡೆಸಲು, ದೊಡ್ಡ ದುರಸ್ತಿ ಮತ್ತು ಮೇಲ್ವಿಚಾರಣೆ ಸೇರಿ, ತಲೆಗೆ ವರ್ಷಕ್ಕೆ 3ರಿಂದ 6 ಡಾಲರ್. ಉಗಾಂಡಾದ ಸರ್ಕಾರಿ ಮಾನದಂಡ 300 ಜನರಿಗೆ ಒಂದು ಕೈಪಂಪು. ಅಂದರೆ ಒಂದೊಂದು ಪಂಪಿನ ಹಿಂದೆ ವರ್ಷಕ್ಕೆ 900ರಿಂದ 1,800 ಡಾಲರ್ ಎಲ್ಲಿಂದಲಾದರೂ ಬರಬೇಕು. ಮಳೆ ನಂಬಿ ಬದುಕುವ, ವರ್ಷದಲ್ಲಿ ಸುಗ್ಗಿಯ ಒಂದೆರಡು ತಿಂಗಳು ಮಾತ್ರ ಕೈಯಲ್ಲಿ ಕಾಸು ಕಾಣುವ ಮುನ್ನೂರು ಜನ ಇಷ್ಟನ್ನು ತಾವೇ ಕೂಡಿಡಬೇಕು, ಬ್ಯಾಂಕಿಲ್ಲದ ಊರಿನಲ್ಲಿ ಒಬ್ಬ ಖಜಾಂಚಿಯ ಮನೆಯಲ್ಲಿ ಇಡಬೇಕು, ಯಾವಾಗ ಕೆಡುವುದೋ ತಿಳಿಯದ ಯಂತ್ರಕ್ಕಾಗಿ ಕಾಯಬೇಕು. ಬಿಡಿಭಾಗದ ಅಂಗಡಿಯ ಮಾತೂ ಇಷ್ಟೇ ಕಷ್ಟದ್ದು. ಒಂದು ಪಂಪಿಗೆ ವರ್ಷಕ್ಕೆ ಬೇಕಾಗುವುದು ಕೆಲವು ವಾಷರ್, ಬೇರಿಂಗ್, ಆಗೊಮ್ಮೆ ಈಗೊಮ್ಮೆ ಒಂದು ರಾಡು. ಬಯಲಿನ ಉದ್ದಗಲಕ್ಕೆ ಚದುರಿದ ಪಂಪುಗಳಿಗೆ ಇಷ್ಟು ಸಾಮಾನು ಮಾರಿ ಯಾವ ಅಂಗಡಿಯವನೂ ಹೊಟ್ಟೆ ಹೊರೆಯಲಾರ; ಒಂದೊಂದು ಸಂಸ್ಥೆ ಒಂದೊಂದು ಮಾದರಿ ತಂದು ಕೂರಿಸಿದ್ದರೆ ಇನ್ನೂ ಕಷ್ಟ. ತರಬೇತಿ ಪಡೆದ ಸಮಿತಿಯ ಯುವಕರು ಕೆಲಸ ಹುಡುಕಿ ಪಟ್ಟಣಕ್ಕೆ ಹೋಗುತ್ತಾರೆ. 'ನಮ್ಮದು' ಎಂಬ ಭಾವನೆ ಎಷ್ಟೇ ಗಾಢವಾಗಿರಲಿ, ಅದು ಸಿಗದ ವಾಷರನ್ನು ಸಿಗುವಂತೆ ಮಾಡುವುದಿಲ್ಲ. ಬೆಂಗಳೂರಿನ ನಿವಾಸಿ ಕಾವೇರಿ ನೀರನ್ನು ಪಡೆಯಲು ತೊರೆಕಾಡನಹಳ್ಳಿಯ ಪಂಪುಗಳ ಮೇಲೆ ಮಮತೆ ಬೆಳೆಸಿಕೊಳ್ಳಬೇಕೆಂದು ಯಾರೂ ಕೇಳುವುದಿಲ್ಲ. ಕರ್ನಾಟಕದ ಹಳ್ಳಿಯಲ್ಲೂ ವಾಲ್ವ್ ತಿರುಗಿಸುವ ನೀರುಗಂಟಿಗೆ ಸಂಬಳ ಕೊಡುವುದು ಗ್ರಾಮ ಪಂಚಾಯಿತಿ. ನಾವು ನಮ್ಮಿಂದ ನಿರೀಕ್ಷಿಸದ ತಪಸ್ಸನ್ನು ನಮಗಿಂತ ಬಡವರಿಂದ ನಿರೀಕ್ಷಿಸುವುದು ಹೇಗೆ ನ್ಯಾಯ?

ವಸ್ತುವನ್ನೇ ನೀರೆಂದು ಭಾವಿಸಿದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪು ಸಾಕ್ಷಿ. ಮಕ್ಕಳು ತಿರುಗುವ ಚಕ್ರದ ಮೇಲೆ ಆಡುತ್ತಾ ನೀರನ್ನು ಟ್ಯಾಂಕಿಗೆ ಏರಿಸುತ್ತಾರೆ ಎಂಬ ಕಲ್ಪನೆಗೆ 2006ರಲ್ಲಿ ಅಮೆರಿಕದಲ್ಲಿ 1.64 ಕೋಟಿ ಡಾಲರುಗಳ ನೆರವು ಘೋಷಣೆಯಾಯಿತು. 2010ರೊಳಗೆ ಹತ್ತು ದೇಶಗಳಲ್ಲಿ 4,000 ಕೂರಿಸುವ ಗುರಿ. ಒಂದರ ಬೆಲೆ ಸುಮಾರು 14,000 ಡಾಲರ್, ಸಾಮಾನ್ಯ ಕೈಪಂಪಿನ ನಾಲ್ಕು ಪಟ್ಟು. ಹೇಳಿದಷ್ಟು ಜನರಿಗೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಲೆಕ್ಕ ತೋರಿಸಿತು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಆ ಚಕ್ರವನ್ನು ಬಗ್ಗಿ ತಳ್ಳಿದವರು ಹೆಂಗಸರು. ಯೋಜನೆ ಗುರಿ ಮುಟ್ಟುವ ಮೊದಲೇ ನಿಂತಿತು.

ಈಗ ಆಕ್ಷೇಪಣೆಗಳು. ಮೊದಲನೆಯದು: ನಾಲ್ಕರಲ್ಲಿ ಮೂರು ಪಂಪು ನಡೆಯುತ್ತಿವೆಯಲ್ಲ, ಬಡ ದೇಶಗಳಲ್ಲಿ ಅದು ಸಾಲದೇ? ಸಾಲದು. ಈ ಅಂಕಿ ಸಮೀಕ್ಷೆಯವರು ಹೋದ ದಿನ ನೀರು ಬಂತೇ ಎಂಬುದರದ್ದು. ಇಥಿಯೋಪಿಯಾ, ಉಗಾಂಡಾ, ಮಲಾವಿಗಳಲ್ಲಿ ಪಂಪುಗಳನ್ನು ಬಿಚ್ಚಿಯೇ ನೋಡಿದ ಸಂಶೋಧಕರು, ಸಾಕಷ್ಟು ನೀರು, ವರ್ಷವಿಡೀ ನೀರು, ಕುಡಿಯಲು ಯೋಗ್ಯವಾದ ನೀರು ಎಂದು ಒಂದೊಂದೇ ಷರತ್ತು ಸೇರಿಸುತ್ತಾ ಹೋದಂತೆ ತೇರ್ಗಡೆಯಾಗುವ ಪಂಪುಗಳ ಸಂಖ್ಯೆ ಕುಸಿಯುವುದನ್ನು ಕಂಡರು. ಇನ್ನೂ ಗಂಭೀರವಾದದ್ದೆಂದರೆ ಆರೋಗ್ಯದ ಲಾಭ ನಿಂತ ದಿನಗಳ ಅನುಪಾತದಲ್ಲಿ ಕಡಿಮೆಯಾಗುವುದಿಲ್ಲ. ವರ್ಷದಲ್ಲಿ ಕೆಲವೇ ದಿನ ಹೊಂಡದ ನೀರು ಕುಡಿದರೂ ಸೋಂಕಿನ ಅಪಾಯದ ಮಟ್ಟಿಗೆ ಇಡೀ ವರ್ಷದ ಲಾಭದ ದೊಡ್ಡ ಪಾಲು ಅಳಿದುಹೋಗುತ್ತದೆಂದು 2009ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ತೋರಿಸಿದೆ. ಹನ್ನೊಂದು ತಿಂಗಳು ನಡೆದು ಒಂದು ತಿಂಗಳು ನಿಂತ ಪಂಪಿಗೆ ಹನ್ನೆರಡರಲ್ಲಿ ಹನ್ನೊಂದು ಅಂಕ ಕೊಡಲಾಗದು.

ಎರಡನೆಯ ಆಕ್ಷೇಪಣೆ ಸ್ವಾವಲಂಬನೆಯದು: ಹೊರಗಿನವರು ಬಂದು ದುರಸ್ತಿ ಮಾಡಿದರೆ ಜನ ಪರಾವಲಂಬಿಗಳಾಗುವುದಿಲ್ಲವೇ? ಈ ವಾದದ ಹಿಂದಿನ ಕಾಳಜಿಯನ್ನು ನಾನು ಅರಿಯಬಲ್ಲೆ. ಆದರೆ ಹಳ್ಳಿಯ ನೀರು ಪೂರ್ತಿಯಾಗಿ ಬಳಕೆದಾರರ ಹಣದಿಂದಲೇ ನಡೆಯಬೇಕೆಂಬುದು ಶ್ರೀಮಂತ ದೇಶಗಳೂ ತಮ್ಮ ಹಳ್ಳಿಗಳಿಗೆ ಹಾಕಿಕೊಳ್ಳದ ನಿಯಮ. ಕೊಡುವ ಹಣಕ್ಕೆ ಸರಿಯಾದ ಸೇವೆ ಸಿಗುವುದಾದರೆ ಜನ ಕೊಡುತ್ತಾರೆ ಎಂಬುದಕ್ಕೂ ಪುರಾವೆ ಇದೆ. ಕೀನ್ಯಾದ ಕಿಟುಯಿ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಪಂಪಿನ ಹಿಡಿಕೆಯೊಳಗೆ ಅದರ ಚಲನೆಯನ್ನು ಎಣಿಸಿ ಮೊಬೈಲ್ ಜಾಲದ ಮೂಲಕ ತಿಳಿಸುವ ಪುಟ್ಟ ಸಾಧನವನ್ನಿಟ್ಟು, ಸಂಬಳದ ಮೆಕ್ಯಾನಿಕ್‌ಗಳನ್ನು ನೇಮಿಸಿತು. ಕೆಟ್ಟ ಪಂಪು ದುರಸ್ತಿಯಾಗಲು ಮೊದಲು ಸರಾಸರಿ 27 ದಿನ ಹಿಡಿಯುತ್ತಿದ್ದದ್ದು ಮೂರು ದಿನಕ್ಕೆ ಇಳಿಯಿತು. ಅದರಿಂದ ಹುಟ್ಟಿದ ಫಂಡಿಫಿಕ್ಸ್ ಎಂಬ ಸಂಸ್ಥೆ ಕಿಟುಯಿ ಮತ್ತು ಕ್ವಾಲೆಗಳಲ್ಲಿ ಊರುಗಳಿಂದ ಶುಲ್ಕ ಪಡೆದು ಪಂಪುಗಳನ್ನು ನಡೆಸುತ್ತದೆ. ಆ ಶುಲ್ಕದಿಂದಲೇ ಪೂರ್ತಿ ವೆಚ್ಚ ಹುಟ್ಟುವುದಿಲ್ಲ. ಉಳಿದದ್ದನ್ನು ಒಂದು ನಿಧಿ ತುಂಬುತ್ತದೆ. ಇದನ್ನು ಸೋಲೆಂದು ಕರೆಯುವವರಿದ್ದಾರೆ. ಊರವರು ತಮ್ಮ ಪಾಲು ಕೊಡುವುದು, ಉಳಿದದ್ದನ್ನು ಸಮಾಜ ತುಂಬುವುದು ಎಂಬುದೇ ಪ್ರಾಮಾಣಿಕವಾದ ಲೆಕ್ಕವೆಂದು ನನ್ನ ಅಭಿಪ್ರಾಯ.

ಮೂರನೆಯದು ಸರ್ಕಾರಗಳ ಮೇಲಿನ ಅಪನಂಬಿಕೆ: ಅಲ್ಲಿನ ಆಡಳಿತ ದುರ್ಬಲ, ಭ್ರಷ್ಟ, ಆದ್ದರಿಂದಲೇ ನೇರವಾಗಿ ಹಳ್ಳಿಗೆ ಕೊಡುತ್ತೇವೆ. ಎಷ್ಟೋ ಕಡೆ ದೂರು ಸತ್ಯ. ಪರಿಹಾರ ಮಾತ್ರ ರೋಗವನ್ನು ಬೆಳೆಸುವಂಥದ್ದು. ಕೀನ್ಯಾದ 2010ರ ಸಂವಿಧಾನ ಶುದ್ಧ, ಸಾಕಷ್ಟು ನೀರನ್ನು ಪ್ರಜೆಯ ಹಕ್ಕೆಂದು ಹೇಳಿ, ನೀರು ಪೂರೈಕೆಯ ಹೊಣೆಯನ್ನು ಕೌಂಟಿ ಸರ್ಕಾರಗಳಿಗೆ ಕೊಟ್ಟಿದೆ. ಕೌಂಟಿಗೆ ತಿಳಿಸದೆ ಕೊರೆದ ಪ್ರತಿಯೊಂದು ಬಾವಿ ಅದರ ದಾಖಲೆಯಲ್ಲಿರುವುದಿಲ್ಲ, ಬಜೆಟ್ಟಿನಲ್ಲಿರುವುದಿಲ್ಲ. ಕೆಟ್ಟಾಗ 'ನಮ್ಮದಲ್ಲ' ಎನ್ನಲು ಅಧಿಕಾರಿಗೆ ನ್ಯಾಯವಾದ ನೆಪ ಸಿಗುತ್ತದೆ. ಹಕ್ಕು ಕೇಳಬೇಕಾದ ಪ್ರಜೆ ದಾನಿಯ ದಾರಿ ಕಾಯುವಂತಾಗುತ್ತದೆ. ಜಿಂಬಾಬ್ವೆಯ ಬುಷ್ ಪಂಪು 1933ರಲ್ಲಿ ಅಲ್ಲಿಯೇ ಹುಟ್ಟಿ, ಸುಧಾರಿಸುತ್ತಾ ಬಂದು ರಾಷ್ಟ್ರೀಯ ಮಾದರಿಯಾಗಿ ನಿಂತದ್ದರ ಹಿಂದೆ ಇದ್ದದ್ದು ದೇಶದೊಳಗಿನ ಕಾರ್ಖಾನೆ ಮತ್ತು ಸರ್ಕಾರಿ ಇಲಾಖೆ. ದುರ್ಬಲ ಆಡಳಿತವನ್ನು ಬಲಪಡಿಸುವುದು ನಿಧಾನದ, ಫೋಟೋಗೆ ಸಿಗದ ಕೆಲಸ. ಹಾಗೆಂದು ಅದನ್ನು ಬಿಟ್ಟು ಸುತ್ತಿ ಹೋದರೆ ಅದು ಎಂದೂ ಬಲಗೊಳ್ಳುವುದಿಲ್ಲ.

ಹಾಗಾದರೆ ಬಾವಿ ಕೊಡುವುದೇ ಬೇಡವೇ? ಬಾವಿಯೇ ಇಲ್ಲದ ಊರುಗಳು ಇನ್ನೂ ಎಷ್ಟೋ ಇವೆ, ಅಲ್ಲಿ ಕೊರೆಯಲೇಬೇಕು. ಆದರೆ ಕಟ್ಟಿಸಿದವರ ಹೊಣೆ ಕಟ್ಟಿಸಿದಲ್ಲಿಗೆ ಮುಗಿಯುವುದಿಲ್ಲವೆಂಬುದನ್ನು ಕನ್ನಡ ನಾಡಿನ ದಾನಿಗಳಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ನಮ್ಮ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೇ ಅದರ ನಿರ್ವಹಣೆಗೆ ಬಿಟ್ಟ ಭೂಮಿಯ, ಬಿತ್ತುವಟ್ಟದ, ಹೂಳೆತ್ತುವ ಬಂಡಿಗೆಂದು ಇಟ್ಟ ದತ್ತಿಯ ವಿವರಗಳು ಮತ್ತೆ ಮತ್ತೆ ಬರುತ್ತವೆ. ಕಟ್ಟುವ ಖರ್ಚು, ಕಾಯುವ ಖರ್ಚು ಎರಡನ್ನೂ ಅವರು ಒಂದೇ ಸಂಕಲ್ಪದಲ್ಲಿ ಸೇರಿಸಿದ್ದರು. ಇಂದಿನ ದಾನಿ ಹಣ ಕೊಡುವ ಮೊದಲು ಸಂಸ್ಥೆಯನ್ನು ಕೇಳಬೇಕಾದದ್ದು ಇಷ್ಟು: ಕಳೆದ ಐದು ಹತ್ತು ವರ್ಷಗಳಲ್ಲಿ ನೀವು ಕೊರೆಸಿದ ಬಾವಿಗಳಲ್ಲಿ ಈ ತಿಂಗಳು ಎಷ್ಟು ನಡೆಯುತ್ತಿವೆ? ನೀರಿನ ಪರೀಕ್ಷೆಯ ವರದಿ ಎಲ್ಲಿದೆ? ಕೆಟ್ಟರೆ ಯಾರು, ಎಷ್ಟು ದಿನದಲ್ಲಿ, ಯಾರ ಸಂಬಳದಲ್ಲಿ ಬರುತ್ತಾರೆ? ಸ್ಥಳೀಯ ಸರ್ಕಾರದ ಪಟ್ಟಿಯಲ್ಲಿ ಈ ಬಾವಿ ಸೇರಿದೆಯೇ? ಉತ್ತರವಿಲ್ಲದ ಕಡೆಗೆ ಹಣ ಕೊಡಬೇಡಿ. ವಾಶ್‌ಕಾಸ್ಟ್ ಲೆಕ್ಕದಲ್ಲಿ 300 ಜನರಿಗೆ ಒಂದು ಹೊಸ ಬಾವಿಯೆಂದರೆ ಅತಿ ಕಡಿಮೆ 6,000 ಡಾಲರ್. ಅದೇ ಲೆಕ್ಕದ ಕೆಳಗಿನ ಅಂಚನ್ನು ಹಿಡಿದರೆ ಆ ಹಣ ಈಗಾಗಲೇ ಇರುವ ಆರು ಬಾವಿಗಳನ್ನು, ಅಂದರೆ 1,800 ಜನರ ನೀರನ್ನು, ಒಂದು ವರ್ಷ ನಿಲ್ಲದಂತೆ ನಡೆಸುತ್ತದೆ. ಮುಂದಿನ ಸಲ ಮನವಿ ಬಂದಾಗ ಈ ಎರಡನೆಯ ಕೆಲಸಕ್ಕೆ ಹಣ ತೆಗೆದುಕೊಳ್ಳುತ್ತೀರಾ ಎಂದು ಕೇಳಿ. ತೆಗೆದುಕೊಳ್ಳುವ ಸಂಸ್ಥೆಗಳಿವೆ, ಅವರಿಗೆ ಕೊಡಿ, ಪ್ರತಿ ವರ್ಷ ಕೊಡಿ.